ಉಪನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ: ಲೆಕ್ಕದಿಂದ ಕೀಲಿಕೈವರೆಗೆ

ಉಪನಗರದಲ್ಲಿ ಬಾಡಿಗೆ ಅಗ್ಗ ಎಂಬುದು ಅರ್ಧ ಲೆಕ್ಕ ಮಾತ್ರ. ಉಳಿದರ್ಧ ಓಡಾಟದ ಖರ್ಚಿನಲ್ಲಿ, ದಾರಿಯಲ್ಲಿ ಕಳೆಯುವ ಹೊತ್ತಿನಲ್ಲಿ ಹೋಗುತ್ತದೆ. ಕೆಲಸದ ಜಾಗಕ್ಕೆ ಹೋಗಲು 45 ನಿಮಿಷ, ಬರಲು 45 ನಿಮಿಷ ಹೆಚ್ಚಾದರೆ ದಿನಕ್ಕೆ ಒಂದೂವರೆ ಗಂಟೆ. ತಿಂಗಳಲ್ಲಿ 22 ದಿನ ಕೆಲಸವಿದ್ದರೆ 33 ಗಂಟೆ. ಇಷ್ಟು ಹೊತ್ತು ಕೊಟ್ಟು ಎಷ್ಟು ಹಣ ಉಳಿಸುತ್ತಿದ್ದೇವೆ ಎಂದು ತಿಳಿಯದೆ ಮನೆ ನೋಡಲು ಹೊರಟರೆ ಹೊಸ ಬಣ್ಣ, ಹೊಳೆಯುವ ನೆಲ ನೋಡಿಯೇ ಮನಸ್ಸು ಸೋಲುತ್ತದೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಇನ್ನೊಂದು ತೊಡಕಿದೆ. ಮಲಗುವ ಕೋಣೆಯ ಗೋಡೆಗೆ ಸೆಲೆ (ತೇವ) ಹಿಡಿದರೆ ಅಥವಾ ಬೀದಿಯ ಗದ್ದಲ ಬಡಿದರೆ ಎದ್ದು ಹೋಗಿ ಮಲಗಲು ಮತ್ತೊಂದು ಕೋಣೆ ಇರುವುದಿಲ್ಲ. ದೊಡ್ಡ ಮನೆಗಿಂತ ಚಿಕ್ಕ ಮನೆಯನ್ನೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು.

ಮೊದಲು ಲೆಕ್ಕ

ಕೈಗೆ ಬರುವ ಸಂಬಳದಲ್ಲಿ ಶೇ. 30ರೊಳಗೆ ಬಾಡಿಗೆ ಇರಲಿ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಉಪನಗರಕ್ಕೆ ಆ ಅಳತೆ ಸಾಲದು. ಬಾಡಿಗೆ, ಮೇಂಟೆನೆನ್ಸ್, ನೀರು, ವಿದ್ಯುತ್, ಇಂಟರ್ನೆಟ್, ಪಾರ್ಕಿಂಗ್ ಮತ್ತು ತಿಂಗಳ ಪ್ರಯಾಣ, ಇಷ್ಟನ್ನೂ ಒಂದೇ ಕಂಬಸಾಲಿನಲ್ಲಿ ಬರೆದು ಕೂಡಿಸಿ. ಆ ಮೊತ್ತ ಶೇ. 40 ದಾಟಿದರೆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡುವುದು ಒಳ್ಳೆಯದು. ನಗರದೊಳಗಿನ ಎರಡು ಮನೆಗಳಿಗೂ ಇದೇ ಲೆಕ್ಕ ಹಾಕಿ ಪಕ್ಕದಲ್ಲಿಡಿ. ಬಾಡಿಗೆಯಲ್ಲಿ ಕಾಲುಭಾಗ ಅಗ್ಗವಾಗಿ ಕಂಡ ಮನೆ ಒಟ್ಟು ಲೆಕ್ಕದಲ್ಲಿ ಸಮವಾಗಿಬಿಡುವುದು ಅಪರೂಪವಲ್ಲ, ಅದರಲ್ಲೂ ದೂರದ ದೆಸೆಯಿಂದ ಹೊಸದಾಗಿ ವಾಹನ ಕೊಳ್ಳಬೇಕಾಗಿ ಬಂದಾಗ.

ಒಂದೇ ಸಲ ಕೈಬಿಡುವ ಹಣವನ್ನು ಬೇರೆಯೇ ಇಡಿ: ಠೇವಣಿ, ಮೊದಲ ತಿಂಗಳ ಬಾಡಿಗೆ, ಬ್ರೋಕರ್ ಇದ್ದರೆ ಅವರ ಕಮಿಷನ್, ಸಾಮಾನು ಸಾಗಣೆ, ಪರದೆ ಕಂಬಿ, ಬಲ್ಬು, ಬೀಗದಂಥ ಚಿಲ್ಲರೆ. ಈ ಚಿಲ್ಲರೆಯನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಎಲ್ಲ ಸೇರಿದರೆ ಅದು ಸಣ್ಣ ಮೊತ್ತವಾಗಿರುವುದಿಲ್ಲ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಮನೆಬಾಗಿಲಿನಿಂದ ಕೆಲಸದ ಬಾಗಿಲಿಗೆ ಎಷ್ಟು ನಿಮಿಷ ಎಂದು ಅಳೆಯಿರಿ. ಸಾಧಾರಣ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರ್ ಸಾಗುತ್ತೇವೆ, ಅಂದರೆ 800 ಮೀಟರ್ ದೂರದ ನಿಲ್ದಾಣಕ್ಕೆ ಹತ್ತು ನಿಮಿಷ. ಆದರೆ ನಡುವೆ ಹೆದ್ದಾರಿಯೋ ರೈಲು ಹಳಿಯೋ ಇದ್ದರೆ ನಕ್ಷೆಯಲ್ಲಿ 300 ಮೀಟರ್ ಕಾಣುವ ನಿಲ್ದಾಣಕ್ಕೆ ಒಂದು ಕಿಲೋಮೀಟರ್ ಸುತ್ತಬೇಕಾದೀತು. ಬಸ್ಸು ಅರ್ಧ ಗಂಟೆಗೊಂದಾದರೆ, ವೇಳಾಪಟ್ಟಿ ನೋಡದೆ ಹೋದವರಿಗೆ ಸರಾಸರಿ ಕಾಯುವಿಕೆಯೇ 15 ನಿಮಿಷ. ಒಂದು ತಪ್ಪಿದರೆ ಅರ್ಧ ಗಂಟೆ ಹೋಯಿತು. ಎರಡು ಬಸ್ಸು ಬದಲಿಸುವ ದಾರಿಯಲ್ಲಿ ಇದು ಎರಡು ಸಲ. ಕೊನೆಯ ಬಸ್ಸು ಅಥವಾ ರೈಲು ಎಷ್ಟು ಗಂಟೆಗೆ, ರಜಾದಿನಗಳಲ್ಲಿ ಓಡುತ್ತದೆಯೇ ಎನ್ನುವುದನ್ನೂ ಈ ಹಂತದಲ್ಲೇ ತಿಳಿಯಿರಿ. ಮುಂದೆ ಬರಲಿದೆ ಎನ್ನುವ ರೈಲು ಮಾರ್ಗಕ್ಕಾಗಿ ಇಂದು ಹೆಚ್ಚು ಬಾಡಿಗೆ ಕೊಡಬೇಡಿ. ಅದು ಓಡಲು ಶುರುವಾಗುವ ಹೊತ್ತಿಗೆ ನಿಮ್ಮ ಕರಾರಿನ ಅವಧಿಯೇ ಮುಗಿದಿರಬಹುದು.

ಹುಡುಕಾಟಕ್ಕೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಈಗ ಇರುವ ಬಾಡಿಗೆದಾರರು ಬಿಡುತ್ತೇವೆಂದು ನೋಟಿಸ್ ಕೊಟ್ಟ ಮೇಲೆಯೇ ಮನೆಗಳು ಹೊರಬೀಳುವುದರಿಂದ ಅದಕ್ಕಿಂತ ಮೊದಲೇ ಹುಡುಕಿದರೂ ಸಿಗುವುದು ಕಡಿಮೆ. ಎರಡು ವಾರ ಮಾತ್ರ ಉಳಿದಾಗ ಹುಡುಕಿದರೆ ಸಿಕ್ಕಿದ್ದಕ್ಕೆ ಒಪ್ಪಬೇಕಾಗುತ್ತದೆ.

ಜಾಹೀರಾತಿನಲ್ಲಿ ಏನು ನೋಡಬೇಕು

ವಿಸ್ತೀರ್ಣದ ಅಂಕಿಯನ್ನು ಹಾಗೇ ನಂಬಬೇಡಿ. ಗೋಡೆಗಳ ದಪ್ಪ, ಬಾಲ್ಕನಿ, ಕೆಲವೊಮ್ಮೆ ಮೆಟ್ಟಿಲು ಮತ್ತು ಲಿಫ್ಟಿನ ಪಾಲನ್ನೂ ಸೇರಿಸಿ ಹೇಳಿರುತ್ತಾರೆ. ಬೇಕಾದದ್ದು ಗೋಡೆಯಿಂದ ಗೋಡೆಗೆ ಒಳಗಿನ ಅಳತೆ. ಒಬ್ಬರಿಗೆ ಅಥವಾ ದಂಪತಿಗೆ ಒಳಗೆ 35ರಿಂದ 50 ಚದರ ಮೀಟರ್, ಅಂದರೆ ಸುಮಾರು 375ರಿಂದ 540 ಚದರ ಅಡಿ ಇದ್ದರೆ ಬದುಕು ಇರುಕಾಗದೆ ನಡೆಯುತ್ತದೆ. ಫೋಟೊಗಳಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ನೋಡಿ. ಬಚ್ಚಲುಮನೆಯ ಚಿತ್ರವೇ ಇಲ್ಲ, ಅಥವಾ ಹತ್ತು ಚಿತ್ರಗಳಲ್ಲಿ ಒಂದರಲ್ಲೂ ಕಿಟಕಿಯ ಹೊರಗಿನ ನೋಟವಿಲ್ಲ ಎಂದರೆ ಫೋನಿನಲ್ಲೇ ಕೇಳಿಬಿಡಿ.

ದೊಡ್ಡ ಹಾಲನ್ನು ಪ್ಲೈವುಡ್ ಅಥವಾ ಜಿಪ್ಸಮ್ ಹಲಗೆಯಿಂದ ಸೀಳಿ ಬೆಡ್‌ರೂಮ್ ಎಂದು ತೋರಿಸುವುದುಂಟು. ಮಲಗುವ ಕೋಣೆಗೆ ಸ್ವಂತ ಕಿಟಕಿ ಇದೆಯೇ, ಆ ಕಿಟಕಿ ಬಯಲಿಗೆ ತೆರೆಯುತ್ತದೆಯೇ ಅಥವಾ ಇನ್ನೊಂದು ಕೋಣೆಗೋ ಕಾರಿಡಾರಿಗೋ ತೆರೆಯುತ್ತದೆಯೇ? ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ? ಕಿಟಕಿಯಿಲ್ಲದ ಕೋಣೆಯಲ್ಲಿ ಗಾಳಿ ಕೆಡುತ್ತದೆ. ಬೆಂಕಿ ಬಿದ್ದರೆ ಹೊರಗೆ ಬರಲು ಬಾಗಿಲೊಂದೇ ದಾರಿ. ಬಾಡಿಗೆ ಎಷ್ಟೇ ಇಳಿಸಿದರೂ ಇಂಥ ಮನೆಯನ್ನು ತೆಗೆದುಕೊಳ್ಳಬೇಡಿ.

ಅದೇ ಬೀದಿಯ ಇತರ ಮನೆಗಳಿಗಿಂತ ಬಾಡಿಗೆ ವಿಪರೀತ ಕಡಿಮೆಯಿದ್ದು, ಮಾಲೀಕರು ಊರಲ್ಲಿಲ್ಲ, ಕೀಲಿಯನ್ನು ಕೊರಿಯರ್ ಮಾಡುತ್ತೇವೆ, ನೋಡಲು ಬರುವ ಮೊದಲು ಒಂದಿಷ್ಟು ಹಣ ಹಾಕಿ ಎಂದರೆ ಅದು ಮೋಸವೇ. ಚಿತ್ರವನ್ನು ಇಮೇಜ್ ಸರ್ಚ್‌ನಲ್ಲಿ ಹಾಕಿ ನೋಡಿದರೆ ಅದೇ ಫೋಟೊ ಬೇರೆ ಊರಿನ ಜಾಹೀರಾತಿನಲ್ಲಿ ಸಿಗುವುದುಂಟು. ಮನೆಯೊಳಗೆ ಕಾಲಿಡದೆ, ಮಾಲೀಕತ್ವದ ದಾಖಲೆ ನೋಡದೆ ಟೋಕನ್ ಹಣ ಕೂಡ ಕೊಡಬಾರದು.

ಮನೆ ನೋಡುವಾಗ

ಅಳತೆ ಟೇಪು, ಒಂದು ಲೀಟರಿನ ಖಾಲಿ ಬಾಟಲಿ, ಫೋನ್ ಚಾರ್ಜರ್, ಟಾರ್ಚ್: ಇಷ್ಟು ಚೀಲದಲ್ಲಿರಲಿ. ಹಗಲು ಬೆಳಕಿನಲ್ಲೇ ಹೋಗಿ. ಕಿಟಕಿಗಳನ್ನು ಮೊದಲೇ ತೆರೆದಿಡಬೇಡಿ ಎಂದು ಕೇಳಿಕೊಳ್ಳಿ, ಏಕೆಂದರೆ ಬಾಗಿಲು ತೆರೆದ ಮೊದಲ ಅರ್ಧ ನಿಮಿಷದ ವಾಸನೆ ಆಮೇಲೆ ಸಿಗುವುದಿಲ್ಲ. ಅಷ್ಟರಲ್ಲಿ ಮೂಗು ಒಗ್ಗಿಹೋಗಿರುತ್ತದೆ. ಮುಗ್ಗಲು ವಾಸನೆ ಬಂದರೆ ಎಲ್ಲೋ ಸೆಲೆ ಇದೆ. ಕೋಣೆಕೋಣೆಗೂ ಸುಗಂಧ ಸಿಂಪಡಿಸಿದ್ದರೆ ಇನ್ನೂ ಎಚ್ಚರಿಕೆಯಿಂದ ನೋಡಿ.

ಚರಂಡಿ ವಾಸನೆ ಬೇರೆ. ತಿಂಗಳುಗಟ್ಟಲೆ ಖಾಲಿ ಇದ್ದ ಮನೆಯಲ್ಲಿ ನೆಲದ ಜಾಲರಿಯ ಕೆಳಗಿನ ಬಾಗುಕೊಳವೆಯಲ್ಲಿ ನಿಂತಿರಬೇಕಾದ ನೀರು ಆರಿಹೋಗಿ ಗಾಳಿ ಮೇಲೆ ಬರುತ್ತದೆ. ಒಂದೆರಡು ಲೀಟರ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಹೋಯಿತೆಂದರೆ ದೋಷವಿಲ್ಲ. ಉಳಿಯಿತೆಂದರೆ ಕೊಳವೆ ಜೋಡಣೆಯಲ್ಲೇ ಏನೋ ತಪ್ಪಿದೆ, ಅದನ್ನು ಬಾಡಿಗೆದಾರರು ಸರಿಮಾಡಿಸುವುದು ಕಷ್ಟ.

ಸೆಲೆಯ ಜಾಗ ಕಾರಣವನ್ನು ಹೇಳುತ್ತದೆ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಬಣ್ಣ ಉಬ್ಬಿ ಬಿಳಿ ಉಪ್ಪಿನಂಥ ಪುಡಿ ಕಂಡರೆ ನೆಲದ ತೇವ ಗೋಡೆಯೊಳಗೆ ಏರುತ್ತಿದೆ. ಇದು ನೆಲಮಹಡಿಯ ರೋಗ, ಬಣ್ಣ ಬಳಿದರೆ ವಾಸಿಯಾಗುವುದಿಲ್ಲ. ಚಾವಣಿಯಲ್ಲಿ ಕಂದು ಉಂಗುರದ ಕಲೆ ಇದ್ದು, ಮೇಲೆ ಮನೆ ಇದ್ದರೆ ಅವರ ಬಚ್ಚಲು ಸೋರುತ್ತಿದೆ. ತಾರಸಿ ಇದ್ದರೆ ಮಳೆ ನೀರು. ಹೊರಗೋಡೆಯ ಮೂಲೆಗಳಲ್ಲಿ, ಕಪಾಟಿನ ಹಿಂದೆ ಕಪ್ಪು ಚುಕ್ಕೆಯ ಬೂಷ್ಟಿದ್ದರೆ ಒಳಗಿನ ಆವಿ ತಣ್ಣನೆಯ ಗೋಡೆಗೆ ತಾಕಿ ಹನಿಗಟ್ಟುತ್ತಿದೆ ಎಂದರ್ಥ. ಕಿಟಕಿ ತೆರೆಯಲು ಸಾಧ್ಯವಿದ್ದರೆ, ಬಚ್ಚಲಿಗೆ ಎಗ್ಸಾಸ್ಟ್ ಫ್ಯಾನ್ ಇದ್ದರೆ ಈ ಮೂರನೆಯದನ್ನು ಹತೋಟಿಯಲ್ಲಿಡಬಹುದು, ಮೊದಲೆರಡನ್ನಲ್ಲ. ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಗೋಡೆ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಅಂಗೈ ಇಟ್ಟು ನೋಡಿ: ಪಕ್ಕದ ಗೋಡೆಗಿಂತ ತಣ್ಣಗಿದೆಯೇ? ಬೆರಳಗಂಟಿನಿಂದ ತಟ್ಟಿ: ಗಾರೆ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ.

ನೀರಿನ ಪರೀಕ್ಷೆಗೆ ಬಾಟಲಿ. ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. ಆರೇಳು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ ಒಂಬತ್ತು ಲೀಟರ್‌ಗೆ ಹತ್ತಿರ. ಷವರ್ ಸ್ನಾನಕ್ಕೆ ಸಾಕು. 15 ಸೆಕೆಂಡು ದಾಟಿದರೆ ನಿಮಿಷಕ್ಕೆ ನಾಲ್ಕು ಲೀಟರಿಗಿಂತ ಕಡಿಮೆ, ಬಕೆಟ್ಟೇ ಗತಿ. ಆಮೇಲೆ ಅಡುಗೆಮನೆಯ ನಲ್ಲಿಯನ್ನೂ ತೆರೆದು ಎರಡನ್ನೂ ಒಟ್ಟಿಗೆ ಬಿಡಿ. ಒತ್ತಡ ಕುಸಿದರೆ ಕೊಳವೆ ಕಟ್ಟಿಕೊಂಡಿದೆ ಅಥವಾ ತೀರ ಸಣ್ಣದು. ತಾರಸಿಯ ಟ್ಯಾಂಕಿನಿಂದ ನೀರು ಇಳಿಯುವ ಕಟ್ಟಡದಲ್ಲಿ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿನ ಅಡಿಯಲ್ಲೇ ಇರುವ ಮೇಲ್ಮಹಡಿಗೆ ಎರಡು ಮೂರು ಮೀಟರಿನ ಎತ್ತರ ಮಾತ್ರ, ಹಾಗಾಗಿ ಅಲ್ಲಿ ಪಂಪ್ ಇಲ್ಲದಿದ್ದರೆ ಒತ್ತಡ ಕಡಿಮೆ ಇರುವುದು ಸಹಜ. ಹರಿವು ತೀರ ಕಡಿಮೆಯಾದರೆ ಇನ್‌ಸ್ಟಂಟ್ ಗೀಜರುಗಳು ಹೊತ್ತಿಕೊಳ್ಳುವುದೇ ಇಲ್ಲ. ಸಿಂಕಿನ ಕೆಳಗೆ ಟಾರ್ಚ್ ಹಾಕಿ, ಫ್ಲಶ್ ಒತ್ತಿ ಟ್ಯಾಂಕ್ ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ, ಬಚ್ಚಲಿನ ನೆಲಕ್ಕೆ ನೀರು ಚೆಲ್ಲಿ ಜಾಲರಿಯ ಕಡೆಗೇ ಹರಿಯುತ್ತದೆಯೇ ಗಮನಿಸಿ.

ವಿದ್ಯುತ್ತಿಗೆ ಚಾರ್ಜರ್ ಹಿಡಿದು ಪ್ರತಿ ಸಾಕೆಟ್ಟಿಗೂ ಚುಚ್ಚಿ ನೋಡಿ. 230 ವೋಲ್ಟ್ ಇರುವ ಕಡೆ 2000 ವ್ಯಾಟಿನ ಗೀಜರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 120 ವೋಲ್ಟ್ ಇರುವ ಕಡೆ ಅದರ ಹತ್ತಿರ ಹತ್ತಿರ ಎರಡು ಪಟ್ಟು. ಗೀಜರ್, ಎಸಿ, ಹೀಟರುಗಳಿಗೆ ದಪ್ಪ ತಂತಿಯ ಪ್ರತ್ಯೇಕ ಸಾಕೆಟ್ ಇಲ್ಲದಿದ್ದರೆ ತಂತಿ ಕಾಯುತ್ತದೆ. ಕಪ್ಪಗೆ ಸುಟ್ಟ ಕಲೆ ಇರುವ ಸಾಕೆಟ್ ಅದನ್ನೇ ಹೇಳುತ್ತಿರುತ್ತದೆ. ಮುಖ್ಯ ಪೆಟ್ಟಿಗೆಯಲ್ಲಿ ವಿದ್ಯುತ್ ಸೋರಿಕೆ ತಡೆಯುವ ಬ್ರೇಕರ್ ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದರೆ ಕಡಿತವಾಗುತ್ತದೆಯೇ ಎಂದು ಮಾಲೀಕರ ಎದುರೇ ನೋಡಿ.

ಮೀಟರಿನ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆದರೆ ದೊಡ್ಡ ಮನೆಯನ್ನು ಒಡೆದು ಎರಡು ಮೂರು ಮಾಡಿದ ಕಟ್ಟಡಗಳಲ್ಲಿ ಇದು ತಪ್ಪದೇ ಆಗಬೇಕು. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್ ಇದ್ದರೆ ಪ್ಲಗ್ ತೆಗೆದು ಮೀಟರ್ ಬಳಿ ಹೋಗಿ. ಹಳೆಯ ಮೀಟರಿನ ಚಕ್ರ ತಿರುಗುತ್ತಲೇ ಇದ್ದರೆ, ಹೊಸ ಮೀಟರಿನ ದೀಪ ಮಿಟುಕುತ್ತಲೇ ಇದ್ದರೆ ಪಕ್ಕದ ಮನೆಯ ಅಥವಾ ಮೆಟ್ಟಿಲ ದೀಪದ ಬಿಲ್ಲು ನಿಮ್ಮ ಲೆಕ್ಕಕ್ಕೆ ಬರಲಿದೆ.

ಇನ್ನು ಟೇಪು. ದೊಡ್ಡ ಮಂಚ ಸುಮಾರು 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದ. ಅದರ ಒಂದು ಬದಿಯಲ್ಲಾದರೂ 60 ಸೆಂ.ಮೀ. ಓಡಾಡಲು ಬೇಕು, ಕಪಾಟಿನ ಬಾಗಿಲು ತೆರೆಯಲು ಇನ್ನೊಂದಿಷ್ಟು. ಮೂರು ಮೀಟರ್ ಚೌಕದ ಕೋಣೆಯಲ್ಲಿ ಇದೆಲ್ಲ ಕೂರುತ್ತದೆ. ಒಂದು ಬದಿ 2.7 ಮೀಟರಿಗಿಂತ ಕಡಿಮೆಯಾದರೆ ಕಪಾಟು ಹಾಲಿಗೆ ಬರುತ್ತದೆ. ಮೆಟ್ಟಿಲ ತಿರುವು, ಲಿಫ್ಟಿನ ಬಾಗಿಲು, ಫ್ರಿಜ್ ನಿಲ್ಲುವ ಸಂದನ್ನೂ ಅಳೆದುಕೊಳ್ಳಿ. ಬಿಚ್ಚಿ ಜೋಡಿಸಲಾಗದ ಸೋಫಾ ಇದ್ದವರಿಗೆ ತೊಂದರೆಯಾಗುವುದು ಕೋಣೆಯಲ್ಲಲ್ಲ, ಮೆಟ್ಟಿಲಿನಲ್ಲಿ.

ಮಲಗುವ ಕೋಣೆಯ ಬಾಗಿಲು ಮುಚ್ಚಿ ಒಂದು ಫೋನ್ ಕರೆ ಮಾಡಿ. ಕಾಂಕ್ರೀಟ್ ಗೋಡೆಗಳ ನಡುವೆ ಸಿಗ್ನಲ್ ಸಾಯುವುದು ಹೆಚ್ಚಾಗಿ ಅಲ್ಲಿಯೇ. ನಂತರ ಎರಡು ನಿಮಿಷ ಸುಮ್ಮನೆ ನಿಂತು ಕೇಳಿಸಿಕೊಳ್ಳಿ: ಲಿಫ್ಟಿನ ಯಂತ್ರ, ನೀರಿನ ಪಂಪ್, ಪಕ್ಕದ ಮನೆಯ ಟಿವಿ. ಮಂಚ ಇಡಬೇಕಾದ ಗೋಡೆಯ ಆಚೆ ಬದಿ ಲಿಫ್ಟ್ ಇದ್ದರೆ ಆ ಮನೆ ಬೇಡ.

ಮಹಡಿ ಮತ್ತು ದಿಕ್ಕಿನ ವಿಷಯಕ್ಕೆ ಬಂದರೆ, ಪಡುವಣ ಗೋಡೆ ಮಧ್ಯಾಹ್ನದ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ, ತಾರಸಿಯೂ ಹಾಗೇ. ಬೇಸಿಗೆ ಬಿರುಸಿರುವಲ್ಲಿ ಮೇಲ್ಮಹಡಿಯ ಪಡುವಣ ಬೆಡ್‌ರೂಮ್ ಅತಿ ಕೆಟ್ಟ ಜೋಡಿ. ನಡುಮಹಡಿಯಲ್ಲಿ, ಎರಡು ಬದಿಗೆ ಕಿಟಕಿ ಇರುವ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ನಮ್ಮ ಮತ ಅದಕ್ಕೇ. ಒಂದೇ ಬದಿಯ ಕಿಟಕಿಯಿಂದ ಬರುವ ಗಾಳಿ ಚಾವಣಿಯ ಎತ್ತರದ ಎರಡು ಎರಡೂವರೆ ಪಟ್ಟಿಗಿಂತ ಒಳಗೆ ಅಷ್ಟಾಗಿ ತಲುಪುವುದಿಲ್ಲ.

ಬೀದಿಯನ್ನೂ ನೋಡಬೇಕು

ಉಪನಗರದ ಬೀದಿ ಹೊತ್ತಿಗೊಂದು ಮುಖ ತೋರಿಸುತ್ತದೆ. ಕೆಲಸದ ದಿನ ಬೆಳಗ್ಗೆ, ನೀವು ಹೊರಡುವ ಹೊತ್ತಿಗೇ, ಆ ಮನೆಯ ಬಾಗಿಲಿನಿಂದ ಕೆಲಸದ ಜಾಗಕ್ಕೆ ಒಮ್ಮೆ ಹೋಗಿ ನೋಡಿ. ರಾತ್ರಿ ಒಂಬತ್ತರ ನಂತರ ನಿಲ್ದಾಣದಿಂದ ಮನೆಗೆ ನಡೆದು ಬನ್ನಿ: ಬೀದಿದೀಪ ಉರಿಯುತ್ತಿದೆಯೇ, ಪಾದಚಾರಿ ದಾರಿ ಮನೆಯವರೆಗೂ ಇದೆಯೇ, ಅಂಗಡಿ ಒಂದಾದರೂ ತೆರೆದಿದೆಯೇ, ನಾಯಿಗಳ ಕಾಟವಿದೆಯೇ. ಸಾಧ್ಯವಾದರೆ ಜೋರು ಮಳೆಯ ಮರುದಿನ ಮತ್ತೊಮ್ಮೆ. ಕಟ್ಟಡದ ನೆಲ ರಸ್ತೆಗಿಂತ ತಗ್ಗಿನಲ್ಲಿದ್ದು ಕಾಂಪೌಂಡ್ ಗೋಡೆಯ ಮೇಲೆ ಮಟ್ಟಸವಾದ ಕೆಸರುಗೆರೆ ಇದ್ದರೆ ನೀರು ಅಲ್ಲಿಯವರೆಗೆ ನಿಂತಿತ್ತು. ಪಕ್ಕದಲ್ಲಿ ಖಾಲಿ ಸೈಟು ಇದ್ದರೆ ಇಂದಿನ ಗಾಳಿ ಬೆಳಕು ನಾಳೆ ಇರುತ್ತದೆಂಬ ಭರವಸೆಯಿಲ್ಲ. ಹೊಸ ಬಡಾವಣೆಯಲ್ಲಂತೂ ಕಟ್ಟಡ ಕೆಲಸದ ಧೂಳು, ಸದ್ದು ವರ್ಷಗಟ್ಟಲೆ ಇರುತ್ತದೆ.

ಅಲ್ಲೇ ವಾಸವಿರುವವರನ್ನು ಕೇಳುವಾಗ ಪ್ರಶ್ನೆ ನಿಖರವಾಗಿರಲಿ. ನೀರು ಚೆನ್ನಾಗಿ ಬರುತ್ತದೆಯೇ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಎಷ್ಟು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ, ವಿದ್ಯುತ್ ಹೋದರೆ ಲಿಫ್ಟಿಗೆ ಜನರೇಟರ್ ಇದೆಯೇ, ಹಿಂದಿನ ಬಾಡಿಗೆದಾರರು ಏಕೆ ಬಿಟ್ಟರು, ಅವರ ಠೇವಣಿ ಪೂರ್ತಿ ಮರಳಿತೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಮಾಲೀಕರ ಬಗ್ಗೆ ಉಳಿದೆಲ್ಲದಕ್ಕಿಂತ ಹೆಚ್ಚು ಹೇಳುತ್ತದೆ.

ಬಾಡಿಗೆ ಮಾತಾಡುವುದು

ಒಂದು ತಿಂಗಳು ಮನೆ ಖಾಲಿ ಉಳಿದರೆ ಮಾಲೀಕರು ವರ್ಷದ ಬಾಡಿಗೆಯಲ್ಲಿ ಹನ್ನೆರಡನೇ ಒಂದು ಪಾಲು, ಅಂದರೆ ಶೇ. 8ಕ್ಕಿಂತ ತುಸು ಹೆಚ್ಚು ಕಳೆದುಕೊಳ್ಳುತ್ತಾರೆ. ಬಾಡಿಗೆಯಲ್ಲಿ ಶೇ. 5 ಇಳಿಸಿದರೆ ಅವರಿಗೆ ವರ್ಷಕ್ಕೆ ಆಗುವ ನಷ್ಟ ಅರ್ಧ ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಈಗಾಗಲೇ ಕೆಲವು ವಾರ ಖಾಲಿಯಿರುವ ಮನೆಗೆ ಈ ಲೆಕ್ಕವನ್ನು ವಿನಯದಿಂದ ಮುಂದಿಡಬಹುದು. ಬಾಡಿಗೆ ಇಳಿಸಲು ಒಪ್ಪದವರು ಬೇರೆಯದಕ್ಕೆ ಒಪ್ಪುತ್ತಾರೆ: ಸೊಳ್ಳೆ ಜಾಲರಿ, ಗೀಜರ್ ದುರಸ್ತಿ, ಹತ್ತು ದಿನ ತಡವಾಗಿ ಬಾಡಿಗೆ ಶುರು, ಎರಡನೇ ವರ್ಷ ಏರಿಕೆ ಇಲ್ಲ. ನಿಮ್ಮ ಕಡೆಯಿಂದ ಸಂಬಳದ ಚೀಟಿ, ಗುರುತಿನ ಪತ್ರ, ಹಿಂದಿನ ಮಾಲೀಕರ ಫೋನ್ ನಂಬರ್ ಸಿದ್ಧವಿದ್ದರೆ ಮಾತು ಬೇಗ ಮುಗಿಯುತ್ತದೆ.

ಕರಾರು ಪತ್ರ

ಸಹಿಗೆ ಮೊದಲು ಒಂದು ರಾತ್ರಿಯಾದರೂ ಪ್ರತಿಯನ್ನು ಮನೆಗೆ ತಂದು ಓದಿ. ಸಹಿ ಹಾಕುವವರು ನಿಜವಾದ ಮಾಲೀಕರೇ ಎಂದು ಮೊದಲು ಖಚಿತಪಡಿಸಿಕೊಳ್ಳಿ: ಆಸ್ತಿ ತೆರಿಗೆಯ ರಸೀದಿ, ಗುರುತಿನ ಪತ್ರ, ಹಣ ಹೋಗುವ ಬ್ಯಾಂಕ್ ಖಾತೆ, ಮೂರರಲ್ಲೂ ಒಂದೇ ಹೆಸರಿರಬೇಕು. ಬೇರೆಯವರು ಸಹಿ ಹಾಕುವುದಾದರೆ ಅಧಿಕಾರ ಪತ್ರ ತೋರಿಸಲಿ. ಒಳಬಾಡಿಗೆಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು.

ಏರಿಕೆಯ ಸಾಲನ್ನು ಎರಡು ಸಲ ಓದಿ. ವರ್ಷಕ್ಕೆ ಶೇ. 10 ಎಂದರೆ 100 ಇದ್ದದ್ದು ಎರಡನೇ ವರ್ಷ 110, ಮೂರನೇ ವರ್ಷ 121. ಶೇ. 5 ಆದರೆ ಮೂರನೇ ವರ್ಷಕ್ಕೆ 110 ಚಿಲ್ಲರೆ. ಅವಧಿಗೆ ಮೊದಲು ಬಿಡಬೇಕಾಗಿ ಬಂದರೆ ಎಷ್ಟು ದಿನದ ನೋಟಿಸ್, ದಂಡ ಎಷ್ಟು, ಇದೇ ನಿಯಮ ಮಾಲೀಕರಿಗೂ ಅನ್ವಯವೇ ಎಂಬುದು ಸ್ಪಷ್ಟವಿರಲಿ. ನಿಮಗೆ ಎರಡು ತಿಂಗಳು, ಅವರಿಗೆ ಹದಿನೈದು ದಿನ ಎಂದು ಬರೆದ ಕರಾರಿಗೆ ಸಹಿ ಹಾಕಬಾರದು.

ಜಗಳಗಳಲ್ಲಿ ಹೆಚ್ಚಿನವು ಠೇವಣಿಯದೇ. ಮನೆ ಬಿಟ್ಟ ಎಷ್ಟು ದಿನಗಳೊಳಗೆ ಮರಳಿಸಬೇಕು, ಯಾವುದಕ್ಕೆ ಮುರಿದುಕೊಳ್ಳಬಹುದು ಎಂದು ಅಂಕಿಯಲ್ಲಿ ಬರೆಸಿ. ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು ವಾಸದಿಂದ ಆಗುವ ಸಹಜ ಸವೆತ. ಒಡೆದ ಟೈಲ್, ಸುಟ್ಟ ಅಡುಗೆಕಟ್ಟೆ ಹಾನಿ. ಈ ಎರಡರ ನಡುವಿನ ಗೆರೆ ಪತ್ರದಲ್ಲೇ ಇದ್ದರೆ ಮುಂದೆ ವಾದವಿಲ್ಲ. ಕೊಳವೆ, ತಂತಿ, ಸೋರಿಕೆಯ ದುರಸ್ತಿ ಯಾರದು, ಎಷ್ಟು ದಿನದೊಳಗೆ, ಮಾಲೀಕರು ಒಳಬರುವಾಗ ಎಷ್ಟು ಮುಂಚೆ ತಿಳಿಸಬೇಕು, ಮೇಂಟೆನೆನ್ಸ್ ಬಾಡಿಗೆಯೊಳಗೆ ಸೇರಿದೆಯೇ, ಪಾರ್ಕಿಂಗ್ ಜಾಗದ ಸಂಖ್ಯೆ ಏನು, ಇವನ್ನೂ ಸೇರಿಸಿ. ನೀವು ಬರುವಷ್ಟರಲ್ಲಿ ಸರಿಮಾಡಿಸುತ್ತೇವೆ ಎಂದು ಬಾಯಲ್ಲಿ ಹೇಳಿದ ಕೆಲಸಗಳನ್ನು ದಿನಾಂಕ ಸಮೇತ ಬರೆಸಿಕೊಳ್ಳಿ. ಕೀಲಿ ಕೊಟ್ಟ ಮೇಲೆ ಅವರಿಗೆ ಅವಸರವಿರುವುದಿಲ್ಲ. ಠೇವಣಿಯನ್ನು ಬ್ಯಾಂಕ್ ಮೂಲಕವೇ ಕೊಡಿ, ನಗದಾದರೆ ಸಹಿ ಇರುವ ರಸೀದಿ ಕೈಗೆ ಬಂದ ಮೇಲೆ. ಕರಾರನ್ನು ನೋಂದಾಯಿಸುವ ನಿಯಮ ನೀವಿರುವ ಕಡೆ ಇದ್ದರೆ ಅದನ್ನು ತಪ್ಪಿಸಬೇಡಿ.

ಕೀಲಿ ಸಿಕ್ಕ ದಿನ

ಒಂದು ಪೆಟ್ಟಿಗೆಯೂ ಒಳಗೆ ಬರುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ. ಬಾಗಿಲಿನಿಂದ ಶುರುಮಾಡಿ ಪ್ರತಿ ಗೋಡೆ, ಚಾವಣಿ, ನೆಲ, ಕಪಾಟಿನ ಒಳಗು, ಸಿಂಕಿನ ಕೆಳಗು, ಕಿಟಕಿ ಚಿಲಕ, ಎಲ್ಲದರ ಮೇಲೂ ಕ್ಯಾಮೆರಾ ನಿಧಾನವಾಗಿ ಹಾಯಲಿ. ಗೀರು, ಬಿರುಕು, ಕಲೆಗಳನ್ನು ಬೇರೆಯಾಗಿ ಹತ್ತಿರದಿಂದ ಫೋಟೊ ತೆಗೆಯಿರಿ. ವಿದ್ಯುತ್, ನೀರು, ಅನಿಲದ ಮೀಟರ್ ಅಂಕಿಗಳನ್ನೂ. ಅದೇ ದಿನ ಇವನ್ನೆಲ್ಲ ಮಾಲೀಕರಿಗೆ ಇಮೇಲ್ ಅಥವಾ ಮೆಸೇಜ್ ಮಾಡಿ, ನಿಮ್ಮ ಫೋನಿನಲ್ಲೇ ಇಟ್ಟುಕೊಂಡರೆ ಪ್ರಯೋಜನವಿಲ್ಲ. ದಿನಾಂಕದ ಸಾಕ್ಷಿ ಸಿಗುವುದು ಕಳಿಸಿದಾಗಲೇ. ಮನೆಯಲ್ಲಿರುವ ಫ್ಯಾನ್, ದೀಪ, ಗೀಜರ್, ಕೀಲಿಗಳ ಸಂಖ್ಯೆ ಬರೆದ ಪಟ್ಟಿಗೆ ಇಬ್ಬರೂ ಸಹಿ ಹಾಕಿ. ಹಿಂದಿದ್ದವರ ಬಳಿ ಇನ್ನೂ ಕೀಲಿ ಇರಬಹುದಾದ್ದರಿಂದ ಒಪ್ಪಿಗೆ ಪಡೆದು ಮುಂಬಾಗಿಲ ಬೀಗದ ಸಿಲಿಂಡರ್ ಬದಲಿಸಿ, ಹಳೆಯದನ್ನು ಎತ್ತಿಟ್ಟುಕೊಳ್ಳಿ. ಬಿಡುವಾಗ ಮತ್ತೆ ಹಾಕಿಕೊಡಬಹುದು. ಹಿಂದಿನವರ ವಿದ್ಯುತ್, ನೀರಿನ ಬಾಕಿ ತೀರಿದೆಯೇ ಎಂದು ಕೊನೆಯ ಬಿಲ್ಲು ಕೇಳಿ ಪಡೆಯಿರಿ.

ಮೊದಲ ಎರಡು ವಾರದಲ್ಲಿ ಗೀಜರ್, ಫ್ಲಶ್, ಕಿಟಕಿ, ಸಾಕೆಟ್ ಎಲ್ಲವನ್ನೂ ನಿಜವಾಗಿ ಬಳಸಿ ನೋಡಿ, ಕಂಡ ದೋಷಗಳನ್ನೆಲ್ಲ ಒಟ್ಟಿಗೆ ಒಂದೇ ಪಟ್ಟಿಯಾಗಿ ಬರಹದಲ್ಲಿ ತಿಳಿಸಿ. ಆರು ತಿಂಗಳ ನಂತರ ಹೇಳಿದ ಸೋರಿಕೆ ನಿಮ್ಮಿಂದಲೇ ಆಯಿತು ಎನ್ನಲು ಅವಕಾಶವಾಗುತ್ತದೆ. ಮೊದಲ ಮಳೆಗಾಲದಲ್ಲಿ ಹೊರಗೋಡೆಗೆ ಒರಗಿಸಿದ ಕಪಾಟನ್ನು ಐದು ಸೆಂ.ಮೀ. ಮುಂದಕ್ಕೆ ಎಳೆದಿಡಿ, ಹಿಂದೆ ಗಾಳಿಯಾಡಿದರೆ ಬೂಷ್ಟು ಸುಲಭಕ್ಕೆ ಕಟ್ಟುವುದಿಲ್ಲ.